ಮೊಟ್ಟೆಯ ಲೆಕ್ಕ

ನಮ್ಮ ಶಾಲೆಯ ಅಡುಗೆಕೋಣೆಯ ಹಿಂದೆ, ನಲ್ಲಿಯ ಪಕ್ಕದಲ್ಲಿ ಒಂದು ಕಲ್ಲುಕಟ್ಟೆಯಿದೆ. ಹನ್ನೊಂದೂವರೆಯ ಹೊತ್ತಿಗೆ ಅಡುಗೆಯ ಇಬ್ಬರು ಹೆಂಗಸರು ಅದರ ಮೇಲೆ ಕುಳಿತು ಬೆಂದ ಮೊಟ್ಟೆಯ ಸಿಪ್ಪೆ ಬಿಡಿಸುತ್ತಾರೆ. ಆಗ ನನಗೆ ತರಗತಿ ಇರುವುದಿಲ್ಲವಾದ್ದರಿಂದ ಎಣಿಸಿ ಪುಸ್ತಕದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊಟ್ಟೆ ಇಷ್ಟು, ಬಾಳೆಹಣ್ಣು ಇಷ್ಟು, ಗೈರುಹಾಜರಿ ಇಷ್ಟು. ಮೊಟ್ಟೆಯನ್ನು ಹೊಸ್ತಿಲು ದಾಟಿಸದ ಮನೆಯಲ್ಲಿ ಹುಟ್ಟಿದವಳು ನಾನು, ಈಗಲೂ ತಿನ್ನುವುದಿಲ್ಲ. ಮೊದಮೊದಲು ಅದರ ವಾಸನೆಗೆ ಸೆರಗು ತಾನಾಗಿ ಮೂಗಿಗೆ ಹೋಗುತ್ತಿತ್ತು. ಈಗ ಹೋಗುವುದಿಲ್ಲ.

ನಾನು ಇತಿಹಾಸ ಕಲಿಸುವವಳು, ವಿಜ್ಞಾನ ನನ್ನ ವಿಷಯವಲ್ಲ. ಆದರೂ ದಿನವೂ ಲೆಕ್ಕ ಹಾಕುವ ವಸ್ತುವಿಗೆ ಒಂದು ಚರಿತ್ರೆ ಇರಲೇಬೇಕಲ್ಲ ಎಂದು ಪುಸ್ತಕಗಳನ್ನು ತಿರುವಿದೆ. ತಿರುವುತ್ತ ಹೋದಂತೆ, ನಾನೇ ಹಿಂದೊಮ್ಮೆ ಸಭೆಯಲ್ಲಿ ಆಡಿದ ಒಂದು ಮಾತು ಬಂದು ಎದುರಿಗೆ ನಿಂತಿತು. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪ್ರೋಟೀನು ಎಂಬ ಹೆಸರಿಗೆ ಈಗ ಸುಮಾರು ನೂರ ತೊಂಬತ್ತು ವರ್ಷ. 1838ರಲ್ಲಿ ಹಾಲೆಂಡಿನ ರಸಾಯನಶಾಸ್ತ್ರಜ್ಞ ಮುಲ್ಡರ್ ಎಂಬಾತ ಮೊಟ್ಟೆಯ ಬಿಳಿಯ ಲೋಳೆ, ರಕ್ತದ ಹೆಪ್ಪು ಮುಂತಾದವನ್ನು ಪರೀಕ್ಷೆಮಾಡಿ, ಇವೆಲ್ಲಕ್ಕೂ ಮೂಲದಲ್ಲಿ ಒಂದೇ ವಸ್ತುವಿದೆ ಎಂದು ಭಾವಿಸಿದ. ಅದಕ್ಕೆ ಹೆಸರು ಸೂಚಿಸಿದವನು ಸ್ವೀಡನ್ನಿನ ಹಿರಿಯ ವಿಜ್ಞಾನಿ ಬರ್ಜೀಲಿಯಸ್. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮೊದಲ ಸ್ಥಾನದ್ದು, ಪ್ರಧಾನವಾದದ್ದು ಎಂದು. ಎಲ್ಲಕ್ಕೂ ಮೂಲ ಒಂದೇ ಎಂಬ ಮುಲ್ಡರನ ಊಹೆ ತಪ್ಪಾಯಿತು, ಹೆಸರು ಮಾತ್ರ ಉಳಿಯಿತು. ಜರ್ಮನರು ಇಂದಿಗೂ ಪ್ರೋಟೀನಿಗೆ ‘ಮೊಟ್ಟೆಯ ಬಿಳಿ’ ಎಂಬ ಅರ್ಥದ ಮಾತನ್ನೇ ಬಳಸುತ್ತಾರೆ. ನಮ್ಮ ಕನ್ನಡ ಪಠ್ಯಪುಸ್ತಕದವರು ಹೆಚ್ಚು ಸಂಯಮಿಗಳು. ಸಾರಜನಕ ಇರುವ ವಸ್ತು ಆದ್ದರಿಂದ ‘ಸಸಾರಜನಕ’ ಎಂದು ಕರೆದು ಸುಮ್ಮನಾದರು. ನಾವು ಹುಡುಗಿಯರು ಅದನ್ನು ಬಾಯಿಪಾಠ ಮಾಡಿದ್ದೇ ಹೊರತು, ಮನೆಯಲ್ಲಿ ಅವ್ವ ಮಾಡುವ ಹುರುಳಿಕಾಳಿನ ಸಾರಿಗೂ ಅದಕ್ಕೂ ಸಂಬಂಧವಿದೆಯೆಂದು ಯಾರೂ ಹೇಳಲಿಲ್ಲ.

ಹೆಸರೇ ‘ಮೊದಲನೆಯದು’ ಎಂದಮೇಲೆ ಗೌರವವೂ ಹಾಗೇ ದೊರೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮ್ಯೂನಿಕ್ಕಿನ ಫಾಯ್ಟ್ ಎಂಬ ಪಂಡಿತ, ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಪ್ರೋಟೀನು ಬೇಕೆಂದು ವಿಧಿಸಿದ. 1904ರಲ್ಲಿ ಅಮೆರಿಕದ ಚಿಟೆಂಡನ್ ತನ್ನ ಮೇಲೂ, ಸೈನಿಕರು ಮತ್ತು ಕ್ರೀಡಾಪಟುಗಳ ಮೇಲೂ ಪ್ರಯೋಗ ನಡೆಸಿ, ಅದರ ಅರ್ಧಕ್ಕಿಂತ ಕಡಿಮೆಯಲ್ಲೂ ಮನುಷ್ಯ ಚೆನ್ನಾಗಿಯೇ ಇರುತ್ತಾನೆಂದು ತೋರಿಸಿದ. ಇಂದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ 65 ಕಿಲೋ ತೂಕದ ಗಂಡಸಿಗೆ ಹೇಳುವುದು ಸುಮಾರು 54 ಗ್ರಾಂ.

ಎಷ್ಟು ಎಂಬ ಜಗಳ ಒಂದು ಕಡೆ; ಎಂಥದ್ದು ಎಂಬುದು ಇನ್ನೊಂದು. ಪ್ರೋಟೀನೆಂದರೆ ಹಲವು ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಅವುಗಳಲ್ಲಿ ಕೆಲವನ್ನು ನಮ್ಮ ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಯಾವ ಆಹಾರದಲ್ಲಿ ಯಾವುದು ಕೊರತೆ ಎಂದು ತಿಳಿಯಲು ಒಂದು ಅಳತೆ ಬೇಕಿತ್ತು. 1946ರಲ್ಲಿ ಬ್ಲಾಕ್ ಮತ್ತು ಮಿಚೆಲ್ ಎಂಬ ಇಬ್ಬರು ಅಮೆರಿಕನ್ನರು ಇಡೀ ಕೋಳಿಮೊಟ್ಟೆಯನ್ನೇ ಅಳತೆಗೆ ಇಟ್ಟುಕೊಂಡರು. ನಾವು ಪರೀಕ್ಷೆಯ ಮೌಲ್ಯಮಾಪನಕ್ಕೆ ಹೋದಾಗ ಮಾದರಿ ಉತ್ತರದ ಹಾಳೆ ಪಕ್ಕದಲ್ಲಿಟ್ಟುಕೊಳ್ಳುತ್ತೇವಲ್ಲ, ಹಾಗೆ. ಮೊಟ್ಟೆಗೆ ನೂರು ಅಂಕ. ಅಕ್ಕಿ, ಗೋಧಿ, ಬೇಳೆ ಎಲ್ಲಕ್ಕೂ ಅದಕ್ಕೆ ಹೋಲಿಸಿ ಅಂಕ. ಮುಂದೆ ವಿಶ್ವಸಂಸ್ಥೆಯ ಆಹಾರ ಪರಿಣತರೂ ಕೆಲವು ವರ್ಷ ಮೊಟ್ಟೆಯನ್ನೇ ಮಾದರಿಯಾಗಿ ಹಿಡಿದರು. ಆಮೇಲೆ, ಮನುಷ್ಯನಿಗೆ ಬೇಕಾದದ್ದಕ್ಕಿಂತ ಮೊಟ್ಟೆಯಲ್ಲೇ ಹೆಚ್ಚಿದೆ ಎಂದು ಆ ಮಾದರಿಯನ್ನು ಬಿಟ್ಟರು. ಮಾದರಿ ಉತ್ತರ ಯಾವಾಗಲೂ ಅಗತ್ಯಕ್ಕಿಂತ ಉದ್ದವಾಗಿರುತ್ತದೆ!

ಈ ಅಂಕಪಟ್ಟಿಯಲ್ಲಿ ನಮ್ಮ ಅವ್ವನ ಅಡುಗೆ ಎಲ್ಲಿ ನಿಲ್ಲುತ್ತದೆ? ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳುಗಳಲ್ಲಿ ಅದು ಸಾಕಷ್ಟಿದೆ, ಆದರೆ ಮಿಥಿಯೋನಿನ್ ಕಡಿಮೆ. ಅದು ಧಾನ್ಯದಲ್ಲಿ, ಅದರಲ್ಲೂ ರಾಗಿಯಲ್ಲಿ ಪರವಾಗಿಲ್ಲ. ಮುದ್ದೆಗೆ ಅವರೆಕಾಳಿನ ಸಾರು, ರೊಟ್ಟಿಗೆ ಹೆಸರುಕಾಳಿನ ಪಲ್ಯ, ಇಡ್ಲಿಯಲ್ಲಿ ಅಕ್ಕಿಗೆ ಉದ್ದು ಇವೆಲ್ಲ ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿಗಳು. ಅವ್ವನಿಗೆ ಇದು ತಿಳಿದಿತ್ತು ಎಂದು ಹೇಳಿ ನಾನು ಹೊಗಳುವುದಿಲ್ಲ. ಬರಿಯ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ, ಅದಕ್ಕೆ ಸಾರು. ಸಾರಿಗೆ ಹೊಲದಲ್ಲಿ ಬೆಳೆದದ್ದು. ಆದರೆ ಆ ಸಾರಿನಲ್ಲಿ ಕಾಳು ಎಷ್ಟು ಎನ್ನುವುದು ಆಯಾ ವರ್ಷದ ಮಳೆಯ ಮೇಲಿತ್ತು. ಶ್ರಾವಣ ಕಳೆಯುವ ಹೊತ್ತಿಗೆ ಮಡಕೆಗಳು ತಳ ಕಾಣುತ್ತಿದ್ದವು. ಆಗ ಕಾಳು ಸೌಟಿಗೆ ಸಿಗುತ್ತಿರಲಿಲ್ಲ, ಬರೀ ಸಾರು ಸಿಗುತ್ತಿತ್ತು. ಗಂಡಸರ ತಟ್ಟೆಗೆ ತಳದಿಂದ, ನಮ್ಮ ತಟ್ಟೆಗೆ ಮೇಲಿನಿಂದ.

ಮೇಲಿನಿಂದ ಬಡಿಸುವುದು ಮನೆಯಲ್ಲಷ್ಟೇ ಇರಲಿಲ್ಲ. 1970ರ ದಶಕದಲ್ಲಿ ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಮೆರಿಕದ ಕೇರ್ ಸಂಸ್ಥೆಯ ಚೀಲಗಳಲ್ಲಿ ನುಚ್ಚು ಬರುತ್ತಿತ್ತು, ಹಾಲಿನ ಪುಡಿ ಬರುತ್ತಿತ್ತು. ನನ್ನ ವಯಸ್ಸಿನವರಿಗೆ ಆ ಹಳದಿ ಉಪ್ಪಿಟ್ಟಿನ ಪರಿಮಳ ಇನ್ನೂ ನೆನಪಿರಬೇಕು. ಉಪ್ಪಿಟ್ಟು ಚೆನ್ನಾಗಿಯೇ ಇರುತ್ತಿತ್ತು. ಹಾಲಿನ ಕಥೆ ಬೇರೆ. ಪುಡಿಯನ್ನು ದೊಡ್ಡ ಹಂಡೆಯಲ್ಲಿ ಕಲಸುತ್ತಿದ್ದರು. ತಿಂಗಳ ಮೊದಲ ವಾರ ಅದು ಹಾಲು, ಎರಡನೆಯ ವಾರ ಹಾಲಿನ ನೀರು, ಕೊನೆಯ ವಾರ ನೀರಿಗೆ ಹಾಲಿನ ಬಣ್ಣ. ಯಾರೂ ಕದಿಯುತ್ತಿದ್ದರು ಎಂದು ನಾನು ಹೇಳಲಾರೆ. ಇದ್ದ ಪುಡಿಯನ್ನು ತಿಂಗಳಿಡೀ ಎಲ್ಲ ಮಕ್ಕಳಿಗೂ ಮುಟ್ಟಿಸಬೇಕಿತ್ತು. ಮುಟ್ಟಿಸಲು ನೀರೊಂದೇ ದಾರಿ. ಎಲ್ಲರ ಲೋಟವೂ ತುಂಬುತ್ತಿತ್ತು, ಪುಸ್ತಕದ ಲೆಕ್ಕವೂ ಸರಿಹೋಗುತ್ತಿತ್ತು.

ಆ ಕಾಲದಲ್ಲಿ ಜಗತ್ತಿನ ದೊಡ್ಡ ದೊಡ್ಡ ತಲೆಗಳೆಲ್ಲ ಪ್ರೋಟೀನಿನ ಚಿಂತೆಯಲ್ಲಿದ್ದವು. ಅದರ ಬೀಜ ಬಿದ್ದದ್ದು ಆಫ್ರಿಕದಲ್ಲಿ. ಇಂದು ಘಾನಾ ಎನ್ನುವ ದೇಶದಲ್ಲಿ ಕೆಲಸಮಾಡುತ್ತಿದ್ದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1930ರ ದಶಕದಲ್ಲಿ ಮಕ್ಕಳ ಒಂದು ಕಾಯಿಲೆಯನ್ನು ವರ್ಣಿಸಿದರು. ಕಾಲು ಮುಖ ಊದಿಕೊಳ್ಳುತ್ತವೆ, ಕೂದಲು ಕೆಂಚಾಗುತ್ತದೆ, ಮಗು ಆಟ ಮರೆಯುತ್ತದೆ. ಅಲ್ಲಿಯ ಜನರ ಮಾತಿನಲ್ಲೇ ಅದಕ್ಕೊಂದು ಹೆಸರಿತ್ತು: ಕ್ವಾಶಿಯೋರ್ಕರ್. ಮುಂದಿನ ಕೂಸು ಹುಟ್ಟಿದಾಗ ತಾಯಿಯ ಮೊಲೆಯಿಂದ ಇಳಿಸಿದ ಮಗುವಿಗೆ ಬರುವ ರೋಗ ಎಂದು ಅರ್ಥ. ಹಾಲು ತಪ್ಪಿದ ಮಗುವಿಗೆ ಬರಿಯ ಜೋಳದ ಗಂಜಿಯಾದರೆ ಹೀಗಾಗುತ್ತದೆ, ಇದು ಪ್ರೋಟೀನಿನ ಕೊರತೆ ಎಂದು ಮುಂದೆ ಪರಿಣತರು ನಿರ್ಣಯಿಸಿದರು. ಬಡದೇಶಗಳ ಮಕ್ಕಳ ಕಷ್ಟಕ್ಕೆಲ್ಲ ಅದೇ ಕಾರಣ ಎನ್ನುವವರೆಗೂ ಮಾತು ಬೆಳೆಯಿತು. 1968ರಲ್ಲಿ ವಿಶ್ವಸಂಸ್ಥೆ ಬರಲಿರುವ ಪ್ರೋಟೀನು ಬಿಕ್ಕಟ್ಟನ್ನು ತಪ್ಪಿಸಬೇಕೆಂದೇ ಒಂದು ವರದಿ ಹೊರಡಿಸಿತು.

ಈ ಚಿಂತೆಗೆ ನಮ್ಮ ಮೈಸೂರು ಒಂದು ಉತ್ತರ ಹುಡುಕಿತು ಎನ್ನುವುದು ನನಗೆ ಬಹಳ ತಡವಾಗಿ ತಿಳಿಯಿತು. ರಾಜಕುಮಾರಿಗಾಗಿ ಕಟ್ಟಿಸಿದ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಜನರ ಬಾಯಲ್ಲಿ ಸಿ.ಎಫ್.ಟಿ.ಆರ್.ಐ., ಆರಂಭವಾಯಿತು. ಅದರ ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್. ಹಾಲು, ಮೊಟ್ಟೆ, ಮಾಂಸ ಈ ದೇಶದ ಬಡವನಿಗೆ ಎಟುಕುವುದಿಲ್ಲ, ಎಟುಕುವುದೇನಿದೆ ಎಂದು ಅಲ್ಲಿಯವರು ನೋಡಿದರು. ಕಡಲೆಕಾಯಿ ಇತ್ತು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಅರ್ಧದಷ್ಟು ಪ್ರೋಟೀನೇ. ನಮ್ಮೂರಲ್ಲಿ ಅದು ಎಮ್ಮೆಯ ಬಾನಿಗೆ ಹೋಗುತ್ತಿತ್ತು. ಶುಚಿಯಾಗಿ ತಯಾರಿಸಿದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು, ಜೊತೆಗೆ ಜೀವಸತ್ವ ಮತ್ತು ಸುಣ್ಣದಂಶ ಬೆರೆಸಿ ಒಂದು ಪುಡಿ ಮಾಡಿದರು. ವಿವಿಧೋದ್ದೇಶ ಆಹಾರ ಎಂದು ಹೆಸರು. ನೂರು ಗ್ರಾಮಿನಲ್ಲಿ ಸುಮಾರು 42 ಗ್ರಾಂ ಪ್ರೋಟೀನು. ಸಾರಿಗೆ ಹಾಕಿ, ಹಿಟ್ಟಿಗೆ ಬೆರೆಸಿ, ಬೇಕಾದಂತೆ ಬಳಸಬಹುದು. ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಸೇರಿಸಿ ಹಾಲನ್ನು ಹೆಚ್ಚಿಸುವ ವಿದ್ಯೆಯೂ ಅಲ್ಲಿಂದಲೇ ಬಂತು. ಮಿಲ್ಟೋನ್ ಎಂದು ಅದರ ಹೆಸರು. ಕೈಗೆಟುಕುವ ವಸ್ತುವಿನಿಂದ ನಮ್ಮ ಮಕ್ಕಳ ಹೊಟ್ಟೆ ತುಂಬಿಸಬೇಕೆಂದು ಹೊರಟ ಆ ವಿಜ್ಞಾನಿಗಳ ಬಗ್ಗೆ ನನಗೆ ಈಗ ಬಹಳ ಗೌರವ.

ಅಡ್ಡಿ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ಕಾರಣ ಹುಡುಕಿದಾಗ ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಬೆಳೆದು ವಿಷ ಸೇರಿತ್ತೆಂದು ಗೊತ್ತಾಯಿತು. ಅಫ್ಲಾಟಾಕ್ಸಿನ್ ಎಂದು ಈಗ ಎಲ್ಲರಿಗೂ ಗೊತ್ತಿರುವ ವಿಷ ಅದೇ. ಅಲ್ಲಿಂದ ಮುಂದೆ ಕಡಲೆಕಾಯಿ ಹಿಟ್ಟನ್ನು ಮಕ್ಕಳಿಗೆ ಕೊಡುವವರು ಎರಡೆರಡು ಬಾರಿ ಯೋಚಿಸಬೇಕಾಯಿತು.

ಕೊನೆಗೆ ಪ್ರೋಟೀನಿನ ಸಿಂಹಾಸನವೇ ಅಲುಗಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು, ಹಳ್ಳಿಯ ಮಕ್ಕಳು ನಿಜವಾಗಿ ತಿನ್ನುವುದನ್ನು ತೂಗಿ ನೋಡುತ್ತಿದ್ದರು. ಧಾನ್ಯ ಬೇಳೆಯ ಊಟವನ್ನೇ ಆ ಮಕ್ಕಳು ಹೊಟ್ಟೆ ತುಂಬ ತಿಂದಿದ್ದರೆ ಪ್ರೋಟೀನು ಬಹುಮಟ್ಟಿಗೆ ತಾನಾಗಿ ಒದಗುತ್ತಿತ್ತು. ಅವರಿಗೆ ಇಲ್ಲದ್ದು ಹೊಟ್ಟೆ ತುಂಬುವಷ್ಟು ಊಟ. 1973ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಕೊಟ್ಟಿದ್ದು ದಿನಕ್ಕೆ 310 ಕ್ಯಾಲೊರಿಯ ಗೋಧಿ, ಸಕ್ಕರೆ, ಎಣ್ಣೆಯ ತಿಂಡಿ. ಅದರಲ್ಲಿ ಪ್ರೋಟೀನು ಬರೀ 3 ಗ್ರಾಂ. ಆದರೂ ಮಕ್ಕಳು ಬೆಳೆದರು. ಮರುವರ್ಷ, 1974ರಲ್ಲಿ, ಡೊನಾಲ್ಡ್ ಮೆಕ್ಲಾರೆನ್ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಪ್ರೋಟೀನು ಗದ್ದಲವೆಲ್ಲ ದೊಡ್ಡ ಎಡವಟ್ಟು ಎಂದೇ ಬರೆದರು. ಮೂವತ್ತು ವರ್ಷ ಪುಡಿಗಳ ಹಿಂದೆ ಓಡಿದವರಿಗೆ, ಮಗುವಿಗೆ ಹಸಿವಾಗಿದೆ ಎಂಬ ಸರಳ ಸಂಗತಿ ಕಾಣದೆ ಹೋಗಿತ್ತು.

ಇಲ್ಲಿಗೆ ಮೊಟ್ಟೆಯ ಕಥೆ ಮುಗಿಯಬೇಕಿತ್ತಲ್ಲವೆ? ಹಾಗೆಂದೇ ನಾನೂ ಅಂದುಕೊಂಡಿದ್ದೆ.

ಹಲವು ವರ್ಷಗಳ ಹಿಂದಿನ ಮಾತು. ಬಿಸಿಯೂಟ ಬಂದು ಕೆಲವು ಕಾಲವಾಗಿತ್ತು. ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತ್ತು. ನಮ್ಮಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ, 2003ರಲ್ಲಿ ಉಳಿದೆಡೆ ಅಕ್ಷರ ದಾಸೋಹ ಆರಂಭವಾಯಿತು. ಅದಕ್ಕೆ ಮುಂಚೆ ಮಕ್ಕಳಿಗೆ ತಿಂಗಳಿಗೆ ಮೂರು ಕಿಲೋ ಧಾನ್ಯ ಕೊಟ್ಟು ಕಳಿಸುತ್ತಿದ್ದೆವು. ಪಕ್ಕದ ತಮಿಳುನಾಡಿನಲ್ಲಿ 1989ರಿಂದಲೇ ಶಾಲೆಯ ಊಟದ ಜೊತೆ ಮೊಟ್ಟೆ ಕೊಡುತ್ತಿದ್ದರು. ಇಲ್ಲೂ ಕೊಡಬಾರದೇಕೆ ಎಂಬ ಮಾತು ಎದ್ದಾಗ, ಆಗ ನಾನಿದ್ದ ಶಾಲೆಯಲ್ಲಿ ಪೋಷಕರ ಸಭೆ ಸೇರಿತ್ತು. ನಾನು ಎದ್ದು ನಿಂತೆ. ತಯಾರಿ ಮಾಡಿಕೊಂಡೇ ಹೋಗಿದ್ದೆ. ಗೋಪಾಲನ್ನರ ಆಹಾರ ಕೋಷ್ಟಕ ಕೈಯಲ್ಲಿತ್ತು. ನೂರು ಗ್ರಾಂ ಮೊಟ್ಟೆಯಲ್ಲಿ ಪ್ರೋಟೀನು 13.3 ಗ್ರಾಂ, ನೂರು ಗ್ರಾಂ ತೊಗರಿಬೇಳೆಯಲ್ಲಿ 22.3 ಗ್ರಾಂ. ಬೇಳೆಯಲ್ಲೇ ಹೆಚ್ಚಿರುವಾಗ ಮೊಟ್ಟೆ ಯಾಕೆ, ಅದರಿಂದ ಸುಮ್ಮನೆ ಮಕ್ಕಳಲ್ಲಿ ಭೇದ ಯಾಕೆ ಎಂದು ಕೇಳಿದೆ. ಮುಂದಿನ ಸಾಲಿನವರು ತಲೆದೂಗಿದರು.

ಹಿಂದೆ ಬಾಗಿಲ ಹತ್ತಿರ ಕುಳಿತಿದ್ದ ಒಬ್ಬ ತಾಯಿ, ಕೂಲಿಯಿಂದ ನೇರ ಬಂದವಳು, ಕುಳಿತಲ್ಲಿಂದಲೇ ಹೇಳಿದಳು: “ಬೇಳೆ ಅದೆ ಅಂತೀರಿ ಮೇಡಮ್ಮಾರೆ, ನಮ್ ಮಗಿನ ತಟ್ಟೇಲಿ ಕಾಣಾಕಿಲ್ವಲ್ಲ. ಮೊಟ್ಟೆಯಾದ್ರೆ ಕಣ್ಗೆ ಕಾಣ್ತದೆ.”

ಕೆಲವರು ನಕ್ಕರು. ನಾನೂ ನಕ್ಕೆ ಎಂದು ನೆನಪು. ಸಭೆ ಮುಂದಕ್ಕೆ ಹೋಯಿತು.

ಅವಳ ಮಾತನ್ನು ನಾನು ಲೆಕ್ಕಕ್ಕೆ ಇಳಿಸಿ ನೋಡಿದ್ದು ಎಷ್ಟೋ ವರ್ಷದ ಮೇಲೆ, ಈ ಕಲ್ಲುಕಟ್ಟೆಯ ಬಳಿ ನಿಂತು. ಕೋಷ್ಟಕದ ನೂರು ಗ್ರಾಂ ಬೇಳೆ ಒಣಬೇಳೆ. ಮಗು ಒಣಬೇಳೆ ತಿನ್ನುವುದಿಲ್ಲ. ಕಿರಿಯ ಪ್ರಾಥಮಿಕದ ಮಗುವಿಗೆ ನಿಗದಿಯಾದದ್ದು ದಿನಕ್ಕೆ 20 ಗ್ರಾಂ ಬೇಳೆ. ಪೂರ್ತಿ ಪಾತ್ರೆಗೆ ಬಿದ್ದು, ಪೂರ್ತಿ ತಟ್ಟೆಗೆ ಬಂದರೆ ಅದರಲ್ಲಿ ನಾಲ್ಕೂವರೆ ಗ್ರಾಂ ಪ್ರೋಟೀನು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಆಸುಪಾಸು. ಆದರೆ ಬೇಳೆ ತಟ್ಟೆಗೆ ಬರುವ ದಾರಿ ಉದ್ದ. ದಾಸ್ತಾನು ತಡವಾದರೆ ಇದ್ದುದರಲ್ಲೇ ಸರಿದೂಗಿಸಬೇಕು. ಹಾಜರಿ ಹೆಚ್ಚಾದ ದಿನ ಸಾಂಬಾರಿಗೆ ಎರಡು ಕೊಡ ನೀರು ಹೆಚ್ಚು ಬೀಳುತ್ತದೆ. ಸಾಲಿನ ಮೊದಲಿಗರಿಗೆ ಮೇಲಿನ ತಿಳಿ, ಕೊನೆಯವರಿಗೆ ಗಟ್ಟಿ. ಅಥವಾ ಸೌಟು ಹಿಡಿದ ಕೈಯಂತೆ ಅದಲುಬದಲು. ಆ ದಿನ ಸಭೆಯಲ್ಲಿ ಕೋಷ್ಟಕ ಹಿಡಿದು ಮಾತಾಡಿದ ನಾನು, ಅದೇ ಮಧ್ಯಾಹ್ನ ಅದೇ ಶಾಲೆಯ ಸಾಂಬಾರನ್ನು ರುಚಿ ನೋಡಿ ಪುಸ್ತಕಕ್ಕೆ ಸಹಿ ಹಾಕಿದ್ದೆ. ಅದು ಎಷ್ಟು ತೆಳ್ಳಗಿತ್ತೆಂದು ನನಗೆ ಗೊತ್ತಿತ್ತು. ನನ್ನ ಪ್ರಾಥಮಿಕ ಶಾಲೆಯ ಹಂಡೆಯ ಹಾಲೂ ಗೊತ್ತಿತ್ತು. ಆದರೂ ಎರಡನ್ನೂ ಸೇರಿಸಿ ಯೋಚಿಸಲಿಲ್ಲ. ನಮ್ಮ ಮನೆಯ ಹೊಸ್ತಿಲೇ ಅಡ್ಡ ಬಂದಿತ್ತೆಂದು ಈಗ ಅನ್ನಿಸುತ್ತದೆ, ಕೋಷ್ಟಕ ನೆಪ.

ಒಂದು ಕಾಲದಲ್ಲಿ ಪ್ರಯೋಗಾಲಯಗಳಲ್ಲಿ ಎಲ್ಲ ಆಹಾರಕ್ಕೂ ಅಳತೆಗೋಲಾಗಿದ್ದ ಮೊಟ್ಟೆ, ನಮ್ಮ ಮಕ್ಕಳ ತಟ್ಟೆಗೆ ಬಂದದ್ದು 2021ರ ಡಿಸೆಂಬರಿನಲ್ಲಿ, ಅದೂ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಜಿಲ್ಲೆಗಳಲ್ಲಿ. ವಿರೋಧವೂ ಬಂತು, ಬೇಕೆಂಬ ಮಕ್ಕಳ ದನಿಯೂ ಕೇಳಿಸಿತು. 2022ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದರು, 2023ರಲ್ಲಿ ವಾರಕ್ಕೆ ಎರಡು ದಿನವಾಯಿತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ವಾರಕ್ಕೆ ಆರು ದಿನ. ತಿನ್ನದವರಿಗೆ ಬಾಳೆಹಣ್ಣು. ನಾನು ಹೆದರಿದ್ದ ಭೇದ ನಮ್ಮ ಶಾಲೆಯಲ್ಲಂತೂ ಕಾಣಲಿಲ್ಲ. ಮಕ್ಕಳಲ್ಲಿ ಜಗಳವಾಗುವುದು ಯಾರ ಬಾಳೆಹಣ್ಣು ದೊಡ್ಡದು ಎಂದು.

ಮೊಟ್ಟೆ ಬೇಯಿಸುವುದರಲ್ಲೂ ಒಂದು ವಿದ್ಯೆ ಇದೆಯೆಂದು ನನಗೆ ಕಲಿಸಿದವರು ನಮ್ಮ ಅಡುಗೆಯವರು. ಕುದಿಯುವ ನೀರಿಗೆ ಒಮ್ಮೆಲೇ ಹಾಕಿದರೆ ಚಿಪ್ಪು ಬಿರಿಯುತ್ತದೆ; ತಣ್ಣೀರಿನಲ್ಲಿಟ್ಟು ಕಾಯಿಸಬೇಕು. ಅಂದೇ ಇಟ್ಟ ಮೊಟ್ಟೆಗಿಂತ ನಾಲ್ಕಾರು ದಿನದ್ದರ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಬೆಂದ ಕೂಡಲೇ ತಣ್ಣೀರಿಗೆ ಹಾಕಬೇಕು. ದೊಡ್ಡ ಪಾತ್ರೆಯಲ್ಲಿ ಹೊತ್ತು ಮೀರಿ ಬೆಂದರೆ ಹಳದಿಯ ಸುತ್ತ ಹಸಿರು ಬಳೆ ಮೂಡುತ್ತದೆ. ಮೊದಲ ಸಲ ಅದನ್ನು ಕಂಡಾಗ ಕೆಟ್ಟಿದೆಯೆಂದು ಎಲ್ಲವನ್ನೂ ಎಸೆಯಲು ಹೇಳಿದ್ದೆ. ನಮ್ಮ ವಿಜ್ಞಾನದ ಮೇಷ್ಟ್ರು ಓಡಿಬಂದು, ಅದು ಬಿಳಿಯಲ್ಲಿರುವ ಗಂಧಕ ಹಳದಿಯಲ್ಲಿರುವ ಕಬ್ಬಿಣಕ್ಕೆ ಸೇರಿ ಆದದ್ದು, ಏನೂ ಆಗುವುದಿಲ್ಲ ಎಂದು ಉಳಿಸಿದರು. ಗರಡಿಮನೆಯ ಹುಡುಗರು ಹಸಿ ಮೊಟ್ಟೆ ಕುಡಿಯುತ್ತಾರಲ್ಲ, ಅದರ ಪ್ರೋಟೀನು ಬೆಂದದ್ದರಷ್ಟು ಚೆನ್ನಾಗಿ ಜೀರ್ಣವಾಗುವುದಿಲ್ಲ ಎಂಬುದನ್ನೂ ಅವರೇ ಹೇಳಿದ್ದು.

ಹೋದ ಚಳಿಗಾಲದಲ್ಲಿ ಒಂದು ದಿನ ಲೆಕ್ಕಕ್ಕೆ ಒಂದು ಮೊಟ್ಟೆ ಕಡಿಮೆ ಬಂತು. ಮೂರು ಸಲ ಎಣಿಸಿದೆವು. ಕೊನೆಗೆ ನೋಡಿದರೆ ಪಾತ್ರೆಯ ತಳದಲ್ಲಿ ಒಂದು ಒಡೆದು, ನೀರಿನಲ್ಲಿ ಹರಿದು, ಬಿಳಿಯ ಚೂರುಗಳಾಗಿ ಅಂಟಿಕೊಂಡಿತ್ತು. ಹೊರಗೆ ನಾಲ್ಕನೆಯ ತರಗತಿಯ ಒಬ್ಬ ಹುಡುಗ ಖಾಲಿ ತಟ್ಟೆ ಹಿಡಿದು ನಿಂತಿದ್ದ. ಸಾಂಬಾರಾಗಿದ್ದರೆ ಒಂದು ಸೌಟು ನೀರು ಬೆರೆಸಿ ಅವನಿಗೂ ಬಡಿಸಿಬಿಡುತ್ತಿದ್ದೆವು. ಅವನಿಗೂ ತಿಳಿಯುತ್ತಿರಲಿಲ್ಲ, ನಮಗೂ ತಿಳಿಯುತ್ತಿರಲಿಲ್ಲ. ಅಡುಗೆಯಾಕೆ ನನ್ನ ಮುಖ ನೋಡಿದಳು. ನಾನು ಪರ್ಸು ತೆಗೆದು, ದೊಡ್ಡ ಹುಡುಗನೊಬ್ಬನನ್ನು ಎದುರಿನ ಅಂಗಡಿಗೆ ಓಡಿಸಿದೆ. ಏಳು ರೂಪಾಯಿ. ಅದು ಬೇಯುವವರೆಗೆ ಆ ಹುಡುಗ ಒಲೆಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ಕಾದ. ಆ ಏಳು ರೂಪಾಯಿಯನ್ನು ಪುಸ್ತಕದಲ್ಲಿ ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು ತಿಳಿಯದೆ, ಬರೆಯದೆ ಬಿಟ್ಟೆ.